ಡಬ್ಬಣ್ಣನ ಹೆಜ್ಜೆ ಸದ್ದು

೧೨ ಜನವರಿ ೧೯೯೮

ಸದ್ದಿನ ಮೇಷ್ಟ್ರಿಗೆ ಕುಳ್ಳಿಯ ನಮಸ್ಕಾರ.

ಯಾವ ಕುಳ್ಳಿ ಎಂದು ಹುಬ್ಬು ಗಂಟಿಕ್ಕಿದಿರೋ, ಈ ಕಾಗದವನ್ನು ಅಲ್ಲಿಗೇ ಹರಿದು ಒಲೆಗೆ ಹಾಕಿಬಿಡಿ. ಟೆಲಿವಿಷನ್ ಕೇಂದ್ರದ ಎರಡನೇ ಸ್ಟುಡಿಯೋದಲ್ಲಿ ಪ್ರತಿ ಶನಿವಾರ ಸಂಜೆ ಡಬ್ಬಣ್ಣನ ಹೊಟ್ಟೆಯೊಳಗೆ ನಿಂತು ಬೆವರು ಹರಿಸುತ್ತಿದ್ದ ಕುಳ್ಳಿ ನಾನು. ಪರದೆಯ ಹಿಂದೆ ಮೇಜು ಹಾಕಿಕೊಂಡು ಕೂತು ಅವನಿಗೆ ಕಾಲು, ಕತ್ತು, ನಗು, ನಿಟ್ಟುಸಿರು ಎಲ್ಲ ಕೊಟ್ಟವರು ನೀವು. ಊರಿನ ಮಕ್ಕಳಿಗೆಲ್ಲ ಆ ಯಂತ್ರಮಾನವ ಒಬ್ಬನೇ. ಅವನೊಳಗೆ ಇಬ್ಬರಿದ್ದೇವೆ ಎನ್ನುವುದು ನಮಗೆ ಮಾತ್ರ ಗೊತ್ತಿತ್ತು.

ವಿಳಾಸ ಕೊಟ್ಟವರು ನಮ್ಮ ಲೈಟಿನ ಅಣ್ಣ. ಅವರಿಗೆ ಈಗ ಹಲ್ಲಿಲ್ಲ, ನಾಲಿಗೆ ಮಾತ್ರ ಮೊದಲಿನಷ್ಟೇ ಉದ್ದ. "ಮೇಷ್ಟ್ರು ಯಾವುದೋ ಪ್ರೆಸ್ಸಲ್ಲಿ ಪ್ರೂಫ್ ನೋಡ್ಕೊಂಡಿದ್ರಂತೆ, ಈಗ ರಿಟೈರ್ ಆಗಿದ್ದಾರಂತೆ" ಅಂದರು. ನನಗೆ ನಂಬಿಕೆಯೇ ಬರಲಿಲ್ಲ. ಚಮಚ ಕೆಳಗೆ ಬಿದ್ದರೆ ಅದು ಹಿತ್ತಾಳೆಯದೋ ಸ್ಟೀಲಿನದೋ ಎಂದು ತಿರುಗಿ ನೋಡದೆ ಹೇಳುತ್ತಿದ್ದ ಮನುಷ್ಯ, ಬಾಯಿಲ್ಲದ ಅಕ್ಷರಗಳ ಜೊತೆ ಹೇಗೆ ಕಾಲ ಕಳೆದರು?

ಇರಲಿ, ವಿಷಯಕ್ಕೆ ಬರುತ್ತೇನೆ. ಡಬ್ಬಣ್ಣ ಸಿನಿಮಾ ಆಗುತ್ತಿದ್ದಾನೆ! ಅಂದು ಚಾಪೆ ಹಾಸಿಕೊಂಡು ಟಿವಿ ಮುಂದೆ ಕೂರುತ್ತಿದ್ದ ಮಕ್ಕಳೇ ಈಗ ದೊಡ್ಡವರಾಗಿ ಕಂಪನಿ ಕಟ್ಟಿದ್ದಾರೆ. ಅವನಿಗೆ ಹೊಸ ಮೈ, ಹೊಸ ಕಣ್ಣು. ಒಳಗೆ ನಿಲ್ಲಲು ನೃತ್ಯ ಕಲಿತ ಹೊಸ ಹುಡುಗಿ. ಅವಳಿಗೆ ನಡಿಗೆ ಕಲಿಸಲು ನನ್ನನ್ನು ಕರೆಸಿದ್ದಾರೆ. ಹೋಗಿ ನೋಡಿದೆ. ಪಾಪ, ಒಳ್ಳೆಯ ಹುಡುಗಿ, ಆದರೆ ಹೂವಿನ ಮೇಲೆ ಕಾಲಿಟ್ಟ ಹಾಗೆ ನಡೆಯುತ್ತಾಳೆ. "ಭಾರವಾಗಿ ನಡಿಯಮ್ಮ" ಅಂದೆ. "ಎಷ್ಟು ಭಾರ ಟೀಚರ್?" ಅಂತ ಕೇಳಿದಳು. ಅಂದಿನ ಆ ತಗಡು ಎಷ್ಟು ಹಗುರ ಎಂದು ನಿಮಗೂ ಗೊತ್ತು. ಭಾರವೆಲ್ಲ ಇದ್ದದ್ದು ನಿಮ್ಮ ಮೇಜಿನ ಮೇಲೆ.

ನಿರ್ದೇಶಕರು ತಾವಾಗಿ ನಿಮ್ಮನ್ನು ವಿಚಾರಿಸಿದರು. "ಆ ಸದ್ದು ಮಾಡ್ತಿದ್ದೋರು ಎಲ್ಲಿದ್ದಾರೆ? ಅವರಿಲ್ಲದೆ ಡಬ್ಬಣ್ಣ ಇಲ್ಲ" ಅಂದರು. ಎಲ್ಲವೂ ನೇರ ಪ್ರಸಾರವಾಗಿ ಗಾಳಿಗೆ ಹೋದದ್ದು. ಒಂದು ತುಣುಕು ಟೇಪು ಕೂಡ ಎಲ್ಲೂ ಉಳಿದಿಲ್ಲ. ಆ ಸದ್ದುಗಳಿರುವುದು ನಿಮ್ಮ ಕೈಯಲ್ಲಿ ಮಾತ್ರ. ದಯವಿಟ್ಟು ಬನ್ನಿ. ಬರುವುದಕ್ಕೆ ಮೊದಲು ಫೋನ್ ನಂಬರ್ ಬರೆಯಿರಿ, ಬಾಯಿತುಂಬ ಮಾತಾಡಬೇಕು.

ನೀವು ಕೇಂದ್ರ ಬಿಟ್ಟು ಹೋಗುವ ದಿನ ಹೇಳಿದ ಒಂದು ಮಾತು ನನಗಿನ್ನೂ ನೆನಪಿದೆ. ಅದನ್ನು ಈ ಕಾಗದಕ್ಕೆ ತರುವುದಿಲ್ಲ.

ನಿಮ್ಮ ಮನೆಯವರಿಗೆ, ನಮ್ಮ ಅಕ್ಕನಿಗೆ, ನಮಸ್ಕಾರ ಹೇಳಿ.

ನಿಮ್ಮ
ಕುಳ್ಳಿ


೨ ಫೆಬ್ರವರಿ ೧೯೯೮

ಕುಳ್ಳಿ,

ನಿನ್ನ ಅಕ್ಷರ ನಿನಗಿಂತ ಎತ್ತರವಾಗಿ ಬೆಳೆದಿದೆ. ಓದಿ ಸಂತೋಷವಾಯಿತು.

ಡಬ್ಬಣ್ಣನ ಹೆಸರು ಓದಿದ ಕೂಡಲೇ ನನ್ನ ಮೂಗಿಗೆ ಬಂದದ್ದು ಆ ಸ್ಟುಡಿಯೋದ ವಾಸನೆ. ಬಿಸಿ ಬಲ್ಬು, ಬಣ್ಣದ ಡಬ್ಬಿ, ನೀನು ಹೊರಗೆ ಬಂದಾಗ ತಗಡಿನ ಒಳಗಿನಿಂದ ಏಳುತ್ತಿದ್ದ ಹಬೆ. ನೀನು ತಲೆ ಹೊರಗೆ ಹಾಕಿ ಮೊದಲು ಕೇಳುತ್ತಿದ್ದ ಮಾತು "ನೀರು" ಅಲ್ಲ. "ಮೇಷ್ಟ್ರೇ, ಬಿದ್ದೆನಾ?" ಅಂತ. ಒಳಗಿದ್ದವಳಿಗೆ ತಾನು ಬಿದ್ದದ್ದೂ ತಿಳಿಯುತ್ತಿರಲಿಲ್ಲ!

ಫೋನು ಇದೆ. ಆದರೆ ಅದು ನಿನ್ನ ಅಕ್ಕನ ಸಾಮ್ರಾಜ್ಯ. ನನಗೆ ಆ ಕರಿ ಡಬ್ಬಿಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ನಿನ್ನ ಅಕ್ಕನಿಗೋ ವಯಸ್ಸಾದಂತೆ ಗಂಟಲು ದೊಡ್ಡದಾಗಿದೆ. ಊಟಕ್ಕೆ ಕರೆದರೆ ಪಕ್ಕದ ಮನೆಯವರು ಕೈ ತೊಳೆದುಕೊಂಡು ಬರುತ್ತಾರೆ. ಅದಕ್ಕೇ ಕಾಗದವೇ ಮೇಲು. ಕಾಗದ ಕಿರುಚುವುದಿಲ್ಲ.

ನಿರ್ದೇಶಕರು ನನ್ನನ್ನು ಕೇಳಿದರು ಎಂದದ್ದನ್ನು ನಿನ್ನ ಅಕ್ಕನಿಗೆ ಓದಿ ಹೇಳಿದೆ. ಅವಳು ಬೀದಿಗೆಲ್ಲ ಹೇಳಿ ಬಂದಳು. ಆದರೆ ಬರಲಾಗುವುದಿಲ್ಲ ಕುಳ್ಳಿ. ಮಂಡಿ ನೋವು, ದೂರದ ಬಸ್ಸು, ಒಂದಲ್ಲ ಎರಡಲ್ಲ. ಇಷ್ಟಕ್ಕೂ ನಾನು ಎಲ್ಲ ಮರೆತಿದ್ದೇನೆ. ಈಗ ಯಂತ್ರಗಳಿಂದಲೇ ಎಂಥೆಂಥ ಸದ್ದು ತೆಗೆಯುತ್ತಾರಂತೆ. ಹೆಜ್ಜೆ ಸದ್ದಿಗೆಂದು ಮುದುಕ ಬಡಿಯುತ್ತಿದ್ದ ಇಸ್ತ್ರಿಪೆಟ್ಟಿಗೆ ಯಾರಿಗೆ ಬೇಕು? ನಿರ್ದೇಶಕರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಯಜಮಾನರು ಹೇಗಿದ್ದಾರೆ? ನೀನು ಆ ಹುಡುಗಿಗೆ ಹೇಗೆ ಕಲಿಸುತ್ತಿದ್ದೀಯ, ಬರಿ. ವಿವರವಾಗಿ ಬರಿ.

ಮೇಷ್ಟ್ರು


೨೦ ಫೆಬ್ರವರಿ ೧೯೯೮

ಮೇಷ್ಟ್ರೇ,

ನೀವು ಕೊಡದಿದ್ದರೂ ಲೈಟಿನ ಅಣ್ಣ ಎಲ್ಲಿಂದಲೋ ನಂಬರು ಹುಡುಕಿಕೊಟ್ಟರು. ಫೋನ್ ಮಾಡಿದೆ. ಅಕ್ಕ ತೆಗೆದರು. "ಅವರು ಮನೇಲಿಲ್ಲಮ್ಮ, ಹೊರಗೆ ಹೋಗಿದ್ದಾರೆ" ಅಂದರು. ಹೊರಗೆ ಹೋದವರ ಕೆಮ್ಮು ಅವರ ಹಿಂದಿನಿಂದಲೇ ಕೇಳಿಸಿತು. ನೇರ ಪ್ರಸಾರದ ನಡುವೆ ಟವೆಲನ್ನು ಬಾಯಿಗೆ ತುರುಕಿಕೊಂಡು ನೀವು ನುಂಗುತ್ತಿದ್ದ ಕೆಮ್ಮು ಅದು. ಸಾವಿರ ಕೆಮ್ಮಿನ ನಡುವೆ ಇಟ್ಟರೂ ನಾನು ಆರಿಸಿಕೊಡುತ್ತೇನೆ. ಇನ್ನೆರಡು ಸಲ ಪ್ರಯತ್ನಿಸಿದೆ, ಎರಡು ಸಲವೂ ನೀವು ಹೊರಗೆ. ಸರಿ, ಹೊರಗೇ ಇರಿ.

ವಿವರ ಕೇಳಿದ್ದೀರಿ. ಅಭ್ಯಾಸ ನಡೆಯುವುದು ಒಂದು ಹಳೆಯ ಗೋದಾಮಿನಲ್ಲಿ. ಸಿಮೆಂಟು ನೆಲ, ಎತ್ತರದಲ್ಲಿ ಕಿಟಕಿ, ಪಾರಿವಾಳಗಳು. ಹುಡುಗಿ ಬೆಳಿಗ್ಗೆಯಿಂದ ನಡೆಯುತ್ತಾಳೆ, ನಾನು ಕುರ್ಚಿಯಲ್ಲಿ ಕೂತು ಬಾಯಲ್ಲೇ ಕಿರ್ರ್ ಟಕ್ ಅನ್ನುತ್ತೇನೆ. ಮೊದಲೆರಡು ದಿನ ನಕ್ಕಳು. ಈಗ ನಾನು ಬಾಯಿ ಮುಚ್ಚಿದರೆ ನಿಂತುಬಿಡುತ್ತಾಳೆ. ಆದರೆ ನನ್ನ ಬಾಯಿಯ ಸದ್ದಿಗೆ ಎಷ್ಟು ಶಕ್ತಿ? ಅವಳ ಕಾಲಿಗೆ ಹೆಸರಿಗಷ್ಟೇ ಭಾರ ಬಂದಿದೆ, ಕತ್ತು ಇನ್ನೂ ನಾಟ್ಯ ಮಾಡುತ್ತಿದೆ.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಮನೆಯಲ್ಲಿದ್ದ ಕೊಡ, ತಟ್ಟೆ, ಸರಪಳಿ, ಹೊಲಿಗೆ ಯಂತ್ರ ಎಲ್ಲ ಜೋಡಿಸಿಕೊಂಡು ನೆನಪಿನಲ್ಲಿದ್ದಷ್ಟು ಸದ್ದು ಮಾಡಿ ಕ್ಯಾಸೆಟ್ಟಿಗೆ ತುಂಬಿದ್ದೇನೆ. ನಮ್ಮ ಮನೆಯವರು ಅದನ್ನು ಕೇಳಿ "ಪಾತ್ರೆ ಅಂಗಡಿಗೆ ಬೆಕ್ಕು ನುಗ್ಗಿದ ಹಾಗಿದೆ" ಅಂದರು. ನೀವು ಕೇಳಿ, ಎಲ್ಲಿ ತಪ್ಪು ಎಂದು ಬರೆಯಿರಿ. ನೀವು ಬರದಿದ್ದರೂ ಚಿಂತೆಯಿಲ್ಲ, ಕಿವಿ ಒಂದನ್ನು ಕಳಿಸಿಕೊಡಿ. ಕ್ಯಾಸೆಟ್ ಇದರ ಜೊತೆಯಲ್ಲೇ ಇದೆ.

ಕುಳ್ಳಿ


೧೧ ಮಾರ್ಚ್ ೧೯೯೮

ಕುಳ್ಳಿ,

ಕ್ಯಾಸೆಟ್ ತಲುಪಿತು. ಪಕ್ಕದ ಮನೆಯಿಂದ ಯಂತ್ರ ತಂದು ಪೂರ್ತಿ ಕೇಳಿದೆ. ನಿನ್ನ ಅಕ್ಕ ಮಗಳ ಮನೆಗೆ ಹೋಗಿದ್ದಳು, ಆದ್ದರಿಂದ ತೊಂದರೆಯಿಲ್ಲದೆ ಕೇಳಲು ಸಾಧ್ಯವಾಯಿತು.

ಬಹಳ ಚೆನ್ನಾಗಿ ಮಾಡಿದ್ದೀಯ. ಕತ್ತು ತಿರುಗಿಸುವ ಸದ್ದು ಹೆಚ್ಚುಕಡಿಮೆ ನನ್ನದೇ. ಕಾಲಿನದು ಒಂದಿಷ್ಟು ತೆಳುವಾಯಿತು, ಇನ್ನೂ ಸ್ವಲ್ಪ ದಪ್ಪ ಮಾಡು. ಸರಪಳಿಯನ್ನು ನಿಧಾನವಾಗಿ ಬಿಡು. ನಿನಗೆ ನನ್ನ ಅಗತ್ಯವೇ ಇಲ್ಲ. ಆ ಹುಡುಗಿ ಪುಣ್ಯವಂತೆ.

ಫೋನಿನ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ನಿಜವಾಗಿಯೂ ಹೊರಗೆ ಹೋಗಿದ್ದೆ. ಕೆಮ್ಮು ಯಾರದೋ.

ಮೇಷ್ಟ್ರು


೧೬ ಮಾರ್ಚ್ ೧೯೯೮

ಮೇಷ್ಟ್ರೇ,

ನಿಮ್ಮ ಹೊಗಳಿಕೆ ಓದಿ ಮೊದಲು ಕುಣಿದಾಡಿದೆ. ಆಮೇಲೆ ಹುಡುಗಿಗೆ ತೋರಿಸೋಣವೆಂದು ಕಪಾಟಿನಿಂದ ಇನ್ನೊಂದು ಕ್ಯಾಸೆಟ್ ತೆಗೆದು ಹಾಕಿದೆ. ಅದರಿಂದ ಬಂದದ್ದು ನನ್ನ ಕೊಡ, ನನ್ನ ತಟ್ಟೆ, ನನ್ನ ಸರಪಳಿ.

ಹಾಗಾದರೆ ನಿಮಗೆ ಹೋದದ್ದು ಯಾವುದು ಗೊತ್ತೇ? ನಮ್ಮ ಮನೆಯವರ ಗೊರಕೆ! ತಾವು ಗೊರಕೆಯನ್ನೇ ಹೊಡೆಯುವುದಿಲ್ಲ ಎಂದು ಅವರು ವಾದ ಮಾಡುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ಪಕ್ಕದಲ್ಲಿ ಯಂತ್ರ ಇಟ್ಟು ಸಾಕ್ಷಿ ಹಿಡಿದಿದ್ದೆ. ಅದನ್ನು ನೀವು "ಪೂರ್ತಿ ಕೇಳಿ", "ಕತ್ತಿನ ಸದ್ದು ನನ್ನದೇ" ಎಂದು ಬರೆದಿದ್ದೀರಿ.

ಮೇಷ್ಟ್ರೇ, ಕೇಳಲು ಮನಸ್ಸಿಲ್ಲದಿದ್ದರೆ ಮನಸ್ಸಿಲ್ಲ ಎಂದು ಬರೆಯಬಹುದಿತ್ತು. ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವಷ್ಟೂ ಪುರುಸೊತ್ತಾಗಲಿಲ್ಲವೇ? ಮಕ್ಕಳಾಟಿಕೆ ಮಾಡುತ್ತಿದ್ದಾಳೆ, ಎರಡು ಒಳ್ಳೆಯ ಮಾತು ಬರೆದು ಸಾಗಹಾಕೋಣ ಎಂದುಕೊಂಡಿರಿ. ಫೋನಿಗೆ ಬರದವರು ಇದಕ್ಕೆ ಬರುತ್ತೀರಾ? ನಾನೇ ಹುಚ್ಚಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ತರುವುದಿಲ್ಲ ಅಂದಿದ್ದ ಮಾತನ್ನು ಈಗ ತರುತ್ತೇನೆ. ನೀವು ಹೋಗುವ ದಿನ ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತು "ತಗಡಿಗೆ ಸದ್ದು ಹೊಂದಿಸಿ ಹೊಂದಿಸಿ ಸಾಕಾಯ್ತು ಕಣೆ" ಅಂದಿರಿ. ಒಂದು ಟೀ ಕುಡಿಯಲೂ ನಿಲ್ಲಲಿಲ್ಲ. ಆ ತಗಡಿನೊಳಗೆ ನಾನಿದ್ದೆ ಮೇಷ್ಟ್ರೇ. ನೀವು ಹೋದ ಮೇಲೆ ಯಾರೋ ಬಂದು ಗ್ರಾಮಾಫೋನ್ ರೆಕಾರ್ಡ್ ಹಾಕಿದರು. ಡಬ್ಬಣ್ಣ ಸೊರಗಿ ಸೊರಗಿ ಬೇಸಿಗೆ ರಜೆಯ ಹೊತ್ತಿಗೆ ನಿಂತೇ ಹೋದ.

ಇನ್ನು ತೊಂದರೆ ಕೊಡುವುದಿಲ್ಲ.

ಕುಳ್ಳಿ


೨೫ ಏಪ್ರಿಲ್ ೧೯೯೮ (ಕಾರ್ಡು)

ಮೇಷ್ಟ್ರೇ, ತೊಂದರೆ ಕೊಡುವುದಿಲ್ಲ ಅಂದವಳೇ ಮತ್ತೆ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಕೋಣ ಅಂದುಬಿಟ್ಟೆ. ಬೈಯುವುದಾದರೆ ಬೈದು ಬರೆಯಿರಿ, ಸುಮ್ಮನಿರಬೇಡಿ. ಆರೋಗ್ಯವಾಗಿದ್ದೀರಿ ತಾನೆ? — ಕುಳ್ಳಿ


೮ ಮೇ ೧೯೯೮

ಕುಳ್ಳಿ,

ನಿನ್ನ ಮಾರ್ಚಿನ ಕಾಗದದಲ್ಲಿ ಒಂದು ತಪ್ಪಿದೆ. ಪ್ರೂಫ್ ನೋಡಿ ಪಳಗಿದ ಕೈ, ತಿದ್ದದೆ ಬಿಡಲಾರದು. "ಕೋಣನ ಮುಂದೆ ಕಿನ್ನರಿ" ಎಂದು ಬರೆದಿದ್ದೀಯ. ಅದು "ಕಿವುಡನ ಮುಂದೆ ಶಂಖ" ಎಂದಾಗಬೇಕು.

ಹೌದು ಕುಳ್ಳಿ. ನನಗೆ ಕಿವಿ ಕೇಳಿಸುವುದಿಲ್ಲ. ಈಗ ಬಲಗಡೆಯದು ಪೂರ್ತಿ ಹೋಗಿದೆ, ಎಡಗಡೆ ಯಾರಾದರೂ ಕಿರುಚಿದರೆ ದೂರದ ಕೊಟ್ಟಿಗೆಯಲ್ಲಿ ಏನೋ ಅಲುಗಾಡಿದ ಹಾಗಾಗುತ್ತದೆ. ನಿನ್ನ ಅಕ್ಕನ ಗಂಟಲು ದೊಡ್ಡದಾಗಿದ್ದಕ್ಕೆ ಕಾರಣ ನಾನು. ಫೋನಿನಲ್ಲಿ ಸುಳ್ಳು ಹೇಳಿದ್ದೂ ನನ್ನ ಸಲುವಾಗಿ. "ಹೇಳಿಬಿಡ್ರೀ, ಅವಳು ನಿಮ್ಮ ತಂಗಿ ಇದ್ದ ಹಾಗೆ" ಅಂತ ಅವಳು ಬೇಕಾದಷ್ಟು ಹೇಳಿದಳು. ಎಲ್ಲರಿಗೂ ಹೇಳಬಹುದಿತ್ತು. ನಿನಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದ್ದು ನಿಜ. ಗುಂಡಿ ಒತ್ತಿ, ಅದರ ಗಾಜಿನ ಕಿಂಡಿಯೊಳಗೆ ಎರಡು ಚಕ್ರ ತಿರುಗುವುದನ್ನು ಕೊನೆಯವರೆಗೂ ನೋಡುತ್ತ ಕೂತಿದ್ದೆ. ನೀನು ಕೊಡ ಬಡಿಯುತ್ತಿರುವುದು, ಸರಪಳಿ ಎತ್ತುತ್ತಿರುವುದು ಎಲ್ಲ ಕಲ್ಪಿಸಿಕೊಂಡೆ. ಕಲ್ಪನೆಯಲ್ಲಿ ಕತ್ತಿನ ಸದ್ದು ಬಹಳ ಚೆನ್ನಾಗಿತ್ತು. ಅದನ್ನೇ ಬರೆದೆ. ನಿನ್ನ ಯಜಮಾನರ ಗೊರಕೆಗೆ ನಾನು ಕೊಟ್ಟ ಪ್ರಶಸ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅವರಿಗೆ ತಿಳಿಸು.

ಈಗ ಆ ಮಾತು. ಡಬ್ಬಣ್ಣ ಮೆಟ್ಟಿಲು ಹತ್ತಿದ ಕಂತು ನೆನಪಿದೆಯೇ? ಒಳಗಿದ್ದ ನಿನಗೆ ಕಾಲು ಕಾಣುವುದಿಲ್ಲ. ನನ್ನ ಕಿರ್ರ್ ಕೇಳಿ ಕಾಲೆತ್ತಬೇಕು, ಟಕ್ ಕೇಳಿ ಕೆಳಗಿಡಬೇಕು. ಪ್ರತಿ ಹೆಜ್ಜೆಗೂ ಕ್ಯಾಮೆರಾ ನೋಡಿಕೊಂಡು ಸ್ಟುಡಿಯೋದವನು ಸಣ್ಣ ಗಂಟೆ ಒತ್ತಿ ನನಗೆ ಸೂಚನೆ ಕೊಡುತ್ತಿದ್ದ. ಅಂದು ನಡುಮೆಟ್ಟಿಲಲ್ಲಿ ನೀನು ಒಂಟಿಕಾಲಲ್ಲಿ ನಿಂತೇ ಇದ್ದೆ. ನಾನೂ ಕಾಯುತ್ತಲೇ ಇದ್ದೆ. ಯಾಕೆ ಗಂಟೆ ಒತ್ತುತ್ತಿಲ್ಲ ಎಂದು ತಿರುಗಿ ನೋಡಿದರೆ ಅವನ ಬೆರಳು ಗುಂಡಿಯ ಮೇಲೆ ಕುಣಿಯುತ್ತಿತ್ತು. ಗಂಟೆ ಹೊಡೆಯುತ್ತಿತ್ತು ಕುಳ್ಳಿ. ನನಗೆ ಕೇಳಿಸಲಿಲ್ಲ.

ನೀನು ಹೊರಗೆ ಬಂದು "ಮೇಷ್ಟ್ರು ನಿದ್ದೆ ಹೊಡೀತಿದ್ರು" ಅಂತ ಎಲ್ಲರನ್ನೂ ನಗಿಸಿದೆ. ನಾನೂ ನಕ್ಕೆ. ಮರುದಿನ ವೈದ್ಯರ ಹತ್ತಿರ ಹೋದೆ. ಕಿವಿ ಹೋಗುತ್ತಿದೆ ಎಂದು ಅವರು ಹೇಳಿದ ಮೇಲೆ ನಾನು ಆ ಮೇಜಿನ ಮುಂದೆ ಕೂರುವುದು ತಪ್ಪಾಗುತ್ತಿತ್ತು. ಇನ್ನೊಂದು ದಿನ ನೀನು ಆ ಮೆಟ್ಟಿಲಿನಿಂದ ಉರುಳುತ್ತಿದ್ದೆ. ನಿಜ ಹೇಳಿದರೆ ನೀನು ನನ್ನನ್ನು ಬಿಡುತ್ತಿರಲಿಲ್ಲ, ನೀನೇ ಗಂಟೆಯಾಗಿ ನಿಲ್ಲುತ್ತಿದ್ದೆ. ಅದಕ್ಕೇ ಸಾಕಾಯ್ತು ಅಂದೆ. ಸಾಕಾಗಿರಲಿಲ್ಲ.

ಪ್ರೆಸ್ಸಿಗೆ ಹೋದದ್ದೂ ಅದಕ್ಕೇ. ಆ ಯಂತ್ರಗಳ ಗದ್ದಲದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಲ್ಲಿ ನಾನೊಬ್ಬನೇ ಕಿವುಡ ಅನ್ನಿಸುವುದಿಲ್ಲ.

ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಸಿಟ್ಟು ಕಾರಣವಲ್ಲ. ನಾಲ್ಕು ಸಲ ಬರೆದು ಹರಿದೆ.

ಮೇಷ್ಟ್ರು


೧೫ ಮೇ ೧೯೯೮

ಮೇಷ್ಟ್ರೇ,

ಕಾಗದ ಓದಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ನಮ್ಮ ಮನೆಯವರು ಗಾಬರಿಯಾಗಿ "ಯಾರು ಹೋದ್ರು?" ಅಂತ ಕೇಳಿದರು. ಕಾಗದ ಕೈಗೆ ಕೊಟ್ಟೆ. ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಮತ್ತೆ ಹಾಕಿಕೊಂಡು, "ನೋಡು, ನಾನು ಹೊಡೆಯೋದು ಗೊರಕೆ ಅಲ್ಲ, ಅದಕ್ಕೆ ಪ್ರಶಸ್ತಿ ಬಂದಿದೆ" ಅಂದರು. ಅಳುತ್ತ ಅಳುತ್ತಲೇ ನಕ್ಕೆ.

ಕೆಮ್ಮನ್ನು ಗುರುತು ಹಿಡಿದೆ ಎಂದು ಬೀಗಿದವಳಿಗೆ ಇಷ್ಟು ದೊಡ್ಡದು ಗುರುತಾಗಲಿಲ್ಲ.

ನೀವು ಮನಸ್ಸು ಬಿಚ್ಚಿದ ಮೇಲೆ ನಾನು ಮುಚ್ಚಿಟ್ಟುಕೊಂಡರೆ ನ್ಯಾಯವಲ್ಲ. ನಿರ್ದೇಶಕರು ನಿಮ್ಮನ್ನು ವಿಚಾರಿಸಲಿಲ್ಲ ಮೇಷ್ಟ್ರೇ. ಅವರಿಗೆ ಹಳೆಯ ಸದ್ದು ಬೇಡವೇ ಬೇಡ. "ಆ ಟಕ್ ಟಕ್ ಈಗ ಹಾಕಿದ್ರೆ ಜನ ನಗ್ತಾರೆ ಟೀಚರ್, ಯಂತ್ರ ಅಂದ್ರೆ ಈಗ ನಯವಾಗಿ ಗುಂಯ್ ಅನ್ನಬೇಕು" ಅಂದರು. ಸದ್ದಿನ ವಿಭಾಗದ ಯುವಕ ಕಂಪ್ಯೂಟರಿನಲ್ಲಿ ಗುಂಯ್ ಮಾಡಿಯೂ ಇಟ್ಟಿದ್ದಾನೆ. ಚೆನ್ನಾಗಿಯೇ ಇದೆ. ಫ್ರಿಜ್ಜು ನಡೆದು ಬಂದ ಹಾಗಿದೆ. ನೀವು ಬಂದು ಮೇಜಿನ ಮುಂದೆ ಕೂತರೆ ಎಲ್ಲರ ಮನಸ್ಸು ತಿರುಗುತ್ತದೆ ಎಂಬ ಆಸೆಯಿಂದ ಸುಳ್ಳು ಬರೆದೆ. ಅಕ್ಕ ಬೀದಿಗೆಲ್ಲ ಹೇಳಿದರು ಎಂದು ಓದಿದಾಗಲೇ ನಿಜ ಬರೆಯಬೇಕಿತ್ತು.

ಆದರೂ ಬಿಡಲು ನನಗೆ ಮನಸ್ಸಿಲ್ಲ. ಕಂಪನಿಗೆ ಬೇಡವಾದರೆ ಬೇಡ, ಹುಡುಗಿಗೆ ಬೇಕು. ನನಗೆ ಬೇಕು. ನಿಮಗೆ ಕೇಳಿಸಬೇಕಾಗಿಲ್ಲ. ಕೈ ಏನು ಮಾಡುತ್ತಿತ್ತು ಎಂದಷ್ಟೇ ಬರೆಯಿರಿ.

ಕುಳ್ಳಿ


೩೦ ಮೇ ೧೯೯೮

ಕುಳ್ಳಿ,

ಸುಳ್ಳು ಬರೆದದ್ದಕ್ಕೆ ನಿನಗೆ ಶಿಕ್ಷೆ: ನಿನ್ನ ಅಕ್ಕನಿಗೆ ನೀನೇ ಸಮಜಾಯಿಷಿ ಹೇಳಬೇಕು. ಅವಳು ನನಗೊಂದು ಹೊಸ ಅಂಗಿ ಹೊಲಿಸಲು ಕೊಟ್ಟಾಗಿದೆ.

ಮರೆತಿದ್ದೇನೆ ಎಂದು ಬರೆದಿದ್ದೆನಲ್ಲ, ಮೇಜಿನ ಮುಂದೆ ಕೂತು ಕಣ್ಣು ಮುಚ್ಚಿದರೆ ಕೈ ತಾನಾಗಿ ಹೋಗುತ್ತದೆ.

ಮೊದಲು ಮಂಡಿ. ಹಳೆಯ ಮಡಚುವ ಕುರ್ಚಿ ತಗೋ, ಮರದ್ದಲ್ಲ, ಕಬ್ಬಿಣದ್ದು. ಎಣ್ಣೆ ಹಾಕಲೇಬೇಡ. ಅದರ ಕೀಲಿಗೆ ಚಿಟಿಕೆ ಸೀಮೆಸುಣ್ಣದ ಪುಡಿ ಉದುರಿಸು. ಮಡಚುವಾಗ ಕಿರ್ರ್ ಅನ್ನುತ್ತದೆ. ಕೀಚ್ ಅಂದರೆ ಪುಡಿ ಜಾಸ್ತಿಯಾಯಿತು, ಒರೆಸು.

ಆಮೇಲೆ ಪಾದ. ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ಬಿಡು. ಒತ್ತಬಾರದು, ತಾನೇ ಬೀಳಬೇಕು. ಟಕ್. ಕೆಳಗೆ ಮಡಿಸಿದ ಗೋಣಿ ಇರಲಿ, ಇಲ್ಲವಾದರೆ ಮೇಜು ಮಾತಾಡುತ್ತದೆ.

ಮೂರನೆಯದು ಝಲ್. ಬಿಸ್ಕತ್ತಿನ ಡಬ್ಬಿಗೆ ಒಂದು ಹಿಡಿ ನಟ್ಟು ಹಾಕಿ ಅದನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸು. ಇದೇ ಮುಖ್ಯ, ಗಮನವಿಟ್ಟು ಓದು. ಟಕ್ ಆದ ಕೂಡಲೇ ಝಲ್ ಅಲ್ಲ. ಟಕ್ ಆಗಲಿ. ಕಾಲು ನೆಲದಲ್ಲಿ ಕೂರಲಿ. ಮೈಯೆಲ್ಲ ಆ ಕಾಲಿನ ಮೇಲೆ ಇಳಿಯಲಿ. ಆಮೇಲೆ ಝಲ್. ನಡುವೆ ಏನೂ ಕೇಳಿಸದ ಆ ಚೂರೇ ಡಬ್ಬಣ್ಣನ ಭಾರ. "ಎಷ್ಟು ಭಾರ ಟೀಚರ್" ಎಂದಳಲ್ಲ ಆ ಹುಡುಗಿ, ಅಷ್ಟು.

ಕತ್ತಿಗೆ ಗೋಡೆ ಗಡಿಯಾರದ ಕೀಲಿ. ಯೋಚನೆ ಮಾಡುವಾಗ ಟೈಪ್‌ರೈಟರಿನ ಉರುಳೆಯನ್ನು ಹಿಮ್ಮುಖ ತಿರುಗಿಸು, ಮುಂದಕ್ಕೆ ತಿರುಗಿಸಿದರೆ ಅವನು ಯೋಚಿಸುತ್ತಿಲ್ಲ, ಎಣಿಸುತ್ತಿದ್ದಾನೆ ಅನ್ನಿಸುತ್ತದೆ. ನಿಟ್ಟುಸಿರಿಗೆ ಸೈಕಲ್ ಪಂಪು. ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ನೀನು ಉಸಿರು ಬಿಡುವಾಗ ಅದನ್ನೂ ಬಿಡು. ನಿನಗೆ ನಿಜವಾಗಿ ದುಃಖವಿಲ್ಲದ ದಿನ ಅದು ಬರೀ ಪಂಪು.

ಇನ್ನೊಂದು ಹೇಳಲೇ? ಪರದೆಯಲ್ಲಿ ನನ್ನ ಕಣ್ಣಿನ ಎತ್ತರಕ್ಕೆ ಒಂದು ತೂತು ಮಾಡಿಕೊಂಡಿದ್ದೆ. ನಿನ್ನ ಹೆಜ್ಜೆಯೆಲ್ಲ ಅದರಲ್ಲಿ ನೋಡಿದ್ದೇನೆ. ನೀನು ಒಳಗೆ ನಗುತ್ತಿದ್ದೀಯೋ ಅಳುತ್ತಿದ್ದೀಯೋ ಎನ್ನುವುದು ತಗಡಿನ ಭುಜದಲ್ಲೇ ತಿಳಿಯುತ್ತಿತ್ತು.

ಮೇಷ್ಟ್ರು


೨೨ ಆಗಸ್ಟ್ ೧೯೯೮

ಮೇಷ್ಟ್ರೇ,

ತಡವಾಗಿ ಬರೆಯುತ್ತಿದ್ದೇನೆ, ಸಿಹಿ ಸುದ್ದಿ ಕೈಗೆ ಸಿಗುವವರೆಗೆ ಕಾದೆ.

ಇಸ್ತ್ರಿಪೆಟ್ಟಿಗೆಗಾಗಿ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದೆ. ಗೋದಾಮಿನಲ್ಲಿ ಮೇಜು ಹಾಕಿ, ನೀವು ಬರೆದಂತೆ ಎಲ್ಲ ಇಟ್ಟುಕೊಂಡೆ. ಮೊದಮೊದಲು ಝಲ್ ಮುಂಚೆಯೇ ಬಂದುಬಿಡುತ್ತಿತ್ತು. ಕೈಗೆ ತಾಳ್ಮೆ ಇರಲಿಲ್ಲ. ನಿಮ್ಮ ಕಾಗದವನ್ನು ಎದುರಿಗೆ ಗೋಡೆಗೆ ಅಂಟಿಸಿಕೊಂಡು ಜುಲೈ ತಿಂಗಳಿಡೀ ಬಡಿದೆ. ಪಾರಿವಾಳಗಳು ಗೋದಾಮು ಬಿಟ್ಟು ಹೋದವು.

ಆಮೇಲೆ ಒಂದು ಬೆಳಿಗ್ಗೆ ಬಂತು. ಕಿರ್ರ್... ಟಕ್. ಹುಡುಗಿಯ ಮೈ ಕಾಲಿನ ಮೇಲೆ ಇಳಿಯಿತು. ಝಲ್. ನನ್ನ ಕೈ ಹಾಗೇ ನಿಂತುಬಿಟ್ಟಿತು ಮೇಷ್ಟ್ರೇ. ಡಬ್ಬಣ್ಣ ನಡೆದು ಬರುತ್ತಿದ್ದಾನೆ! ಮೂರು ವರ್ಷ ಅವನ ಒಳಗಿದ್ದೆ, ಅವನು ನಡೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ಗಂಭೀರವಾಗಿ, ಇಷ್ಟು ಪಾಪದವನ ಹಾಗೆ ನಡೆಯುತ್ತಿದ್ದನೇ? ನೀವು ತೂತಿನಲ್ಲಿ ಇದನ್ನೇ ನೋಡುತ್ತಿದ್ದಿರೇ? ನಾನು ಸದ್ದು ನಿಲ್ಲಿಸಿದ್ದಕ್ಕೆ ಅವನೂ ನಿಂತ. ಒಳಗಿನಿಂದ ಹುಡುಗಿ, "ಟೀಚರ್, ಏನಾಯ್ತು, ಬಿದ್ದೆನಾ?" ಅಂದಳು.

ಸದ್ದಿನ ಯುವಕ ಚಹಾ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. ಲೋಟ ಅಲ್ಲೇ ಇಟ್ಟು ಹೋಗಿ ಮೈಕು ತಂದ. "ಇನ್ನೊಂದ್ಸಲ ಮಾಡಿ ಆಂಟಿ, ಆ ಕಾಲುಚೀಲದ್ದು" ಅಂತ ಮೇಜಿನ ಪಕ್ಕ ನೆಲದ ಮೇಲೇ ಕೂತ. ಅವನೇ ನಿರ್ದೇಶಕರನ್ನು ಕರೆತಂದ. ಅವರು ಕಣ್ಣು ಮುಚ್ಚಿ ಕೇಳಿದರು. "ನಮ್ಮ ಮನೆಯ ಚಾಪೆ ನೆನಪಾಯ್ತು" ಅಂದರು. ಗುಂಯ್ ಹೋಯಿತು. ಕೆಟ್ಟ ರಾಕ್ಷಸ ಯಂತ್ರವೊಂದಿದೆ ಕಥೆಯಲ್ಲಿ, ಅದಕ್ಕೆ ಗುಂಯ್ ಕೊಟ್ಟಿದ್ದಾರೆ, ಅದಕ್ಕೆ ಬಹಳ ಒಪ್ಪುತ್ತದೆ. ಯುವಕನಿಗೂ ಸಮಾಧಾನ.

ಧ್ವನಿಮುದ್ರಣಕ್ಕೆ ನಿಮ್ಮನ್ನು ಕರೆತರಲು ಕಂಪನಿ ಕಾರು ಕಳಿಸುತ್ತದೆ. ಈ ಸಲ ಸುಳ್ಳಲ್ಲ. ನಿರ್ದೇಶಕರ ಕೈಬರಹದ ಚೀಟಿ ಜೊತೆಗಿದೆ. ಅಕ್ಕನಿಗೆ ತೋರಿಸಿ.

ಕುಳ್ಳಿ


೩ ಸೆಪ್ಟೆಂಬರ್ ೧೯೯೮

ಕುಳ್ಳಿ,

ನಿನ್ನ ಕಾಗದವನ್ನು ನಿನ್ನ ಅಕ್ಕ ನನ್ನ ಎಡಗಿವಿಯ ಹತ್ತಿರ ಗಟ್ಟಿಯಾಗಿ ಓದಿದಳು, ನಾನು ಆಗಲೇ ಓದಿದ್ದರೂ. ಬೀದಿಯವರಿಗೆ ಕೇಳಿಸಲಿ ಎಂದು ಇರಬೇಕು.

ಕಾರು ಬೇಡ. ಕೋಪವಲ್ಲ, ಸಂಕೋಚವೂ ಅಲ್ಲ. ಆ ಕೋಣೆಯಲ್ಲಿ ಎಲ್ಲರೂ ಕೇಳಿ ತಲೆಯಾಡಿಸುವಾಗ ನಾನೂ ಜೊತೆಗೆ ತಲೆಯಾಡಿಸಬೇಕಾಗುತ್ತದೆ. ಅಂಥ ತಲೆಯಾಟ ಈ ವರ್ಷ ಒಂದು ಸಲ ಆಗಿದೆ, ಗೊರಕೆಗೆ. ಮುದ್ರಣ ನೀನು ಮಾಡು. ನೀನು ಮಾಡಿದರೆ ನಾನು ಮಾಡಿದ ಹಾಗೆ.

ಸಿನಿಮಾ ಈ ಊರಿಗೆ ಬಂದಾಗ ನೋಡುತ್ತೇನೆ.

ಮೇಷ್ಟ್ರು


೧೯ ಏಪ್ರಿಲ್ ೧೯೯೯

ಕುಳ್ಳಿ,

ನಿನ್ನೆ ಡಬ್ಬಣ್ಣನನ್ನು ನೋಡಿದೆ. ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ನಾನು, ನಿನ್ನ ಅಕ್ಕ, ಮಗಳು, ಮೊಮ್ಮಗಳು. ಮೊಮ್ಮಗಳಿಗೆ ಆರು ವರ್ಷ. ಅವಳು ನನ್ನ ಜೊತೆ ಮಾತಾಡುವಾಗ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ. ಅವಳಿಗೆ ಅಜ್ಜ ಎಂದರೆ ಗಲ್ಲ ಹಿಡಿದು ಮಾತಾಡಿಸಬೇಕಾದ ಪ್ರಾಣಿ.

ನಾವು ಗೋಡೆಯ ಪಕ್ಕದ ಸಾಲಿನಲ್ಲಿ ಕೂತಿದ್ದೆವು. ಮೊದಲ ಹತ್ತು ನಿಮಿಷ ನಾನು ಪರದೆಯ ಕಡೆ ನೋಡಲೇ ಇಲ್ಲ, ಧೈರ್ಯ ಬರಲಿಲ್ಲ. ಮಕ್ಕಳ ಕಡೆ ನೋಡುತ್ತಿದ್ದೆ. ಪರದೆಯ ಬೆಳಕು ಅವರ ಮುಖದ ಮೇಲೆ ಆಡುತ್ತಿತ್ತು. ಒಬ್ಬಳು ಜಡೆ ಬಾಯಲ್ಲಿಟ್ಟುಕೊಂಡಿದ್ದಳು. ಇದ್ದಕ್ಕಿದ್ದ ಹಾಗೆ ಎಲ್ಲರ ಮುಖವೂ ಒಟ್ಟಿಗೆ ಮೇಲೆದ್ದಿತು. ಯಾರೋ ಬಂದರು ಎಂದು ತಿಳಿಯಿತು. ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ಆಮೇಲೆ ಎಲ್ಲರ ತಲೆಯೂ ಒಂದೇ ಸಲ ಸ್ವಲ್ಪ ಕೆಳಗಿಳಿಯಿತು, ಭಾರ ತಮ್ಮ ಮೇಲೆಯೇ ಬಿದ್ದ ಹಾಗೆ. ಮತ್ತೆ ಮೇಲೆ. ಮತ್ತೆ ಕೆಳಗೆ. ಅವನು ನಡೆಯುತ್ತಿದ್ದ. ಆಗ ನಾನೂ ತಿರುಗಿ ನೋಡಿದೆ.

ಹುಡುಗಿ ಚೆನ್ನಾಗಿ ಕಲಿತಿದ್ದಾಳೆ. ಎಡಗಾಲು ಇಡುವಾಗ ಭುಜ ಒಂದಿಷ್ಟು ಬೀಳಿಸುತ್ತಾಳೆ. ಅದು ನಿನ್ನದು. ನಿನಗೆ ಆ ಕಾಲಿನ ಬೂಟು ಕಚ್ಚುತ್ತಿತ್ತು, ಅದಕ್ಕೆ ಹಾಗೆ ಮಾಡುತ್ತಿದ್ದೆ. ಯಾರಿಗೂ ಹೇಳಬೇಡ.

ಸಿನಿಮಾ ಬಿಟ್ಟ ಮೇಲೆ ಹೊರಗೆ ಅಂಗಳದ ತುಂಬ ಮಕ್ಕಳು. ಎಲ್ಲರೂ ಕಾಲು ಎತ್ತಿ ಎತ್ತಿ ನಡೆಯುತ್ತಿದ್ದಾರೆ, ಎಲ್ಲರ ಬಾಯಿಯೂ ಆಡುತ್ತಿದೆ. ಹಲ್ಲು ಕಚ್ಚಿ ಕಿರ್ರ್ ಅನ್ನುವವರು, ನಾಲಿಗೆ ಮೇಲಕ್ಕೊತ್ತಿ ಟಕ್ ಅನ್ನುವವರು. ಒಬ್ಬ ದಪ್ಪ ಹುಡುಗ ಕೆನ್ನೆ ಊದಿಸಿ ಊದಿಸಿ ನಿಟ್ಟುಸಿರು ಬಿಡುತ್ತಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಗುಂಪಿನ ನಡುವೆ ನಿಂತು, ಇವರೆಲ್ಲ ಏನನ್ನುತ್ತಿದ್ದಾರೆ ಎಂದು ನನಗೆ ಪೂರ್ತಿ ಗೊತ್ತಿತ್ತು.

ನಿನ್ನ ಅಕ್ಕ ಅಲ್ಲೇ ನಿಂತು "ಈ ಸದ್ದೆಲ್ಲ ನಮ್ಮನೆಯವರದು" ಅಂತ ಕೂಗಿದಳಂತೆ. ಮಗಳು ನಾಚಿಕೆಯಿಂದ ಸತ್ತೆ ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ಕಡಲೆಕಾಯಿ ಮಾರುವವನು ಮಾತ್ರ ನಂಬಿದ. ಬಂದು ನನ್ನ ಕೈ ಕುಲುಕಿ, ಒಂದು ಪೊಟ್ಟಣ ಜೇಬಿಗೆ ತುರುಕಿದ.

ಮನೆಗೆ ಬಂದು ಇವತ್ತು ಬೆಳಿಗ್ಗೆ ಯೋಚಿಸಿದೆ. ಆ ಕೋಣೆಗೆ ನಾನು ಬರಲಿಲ್ಲ, ಅದು ಸರಿ. ಆದರೆ ನಿನ್ನ ಮನೆಗೆ ಬರದಿರಲು ನನ್ನ ಹತ್ತಿರ ಈಗ ಕಾರಣವೇ ಇಲ್ಲ. ನಿನ್ನ ಮುಖ ನೋಡಿ ಹದಿನಾಲ್ಕು ವರ್ಷವಾಯಿತು. ಮುಂದಿನ ಶುಕ್ರವಾರ ಬೆಳಗಿನ ಬಸ್ಸಿಗೆ ನಾನೂ ನಿನ್ನ ಅಕ್ಕನೂ ಹೊರಡುತ್ತೇವೆ. ಸಂಜೆಯ ಹೊತ್ತಿಗೆ ಇಳಿಯುತ್ತೇವೆ. ನಿನ್ನ ಯಜಮಾನರಿಗೆ ಹೇಳು, ಮಧ್ಯಾಹ್ನ ಮಲಗುವುದಿದ್ದರೆ ಧಾರಾಳವಾಗಿ ಮಲಗಲಿ, ನನ್ನ ಕೋಣೆಯಲ್ಲೇ ಮಲಗಿದರೂ ತೊಂದರೆಯಿಲ್ಲ.

ಬಸ್ ನಿಲ್ದಾಣದಲ್ಲಿ ಬಹಳ ಜನ ಇರುತ್ತಾರೆ. ನನ್ನನ್ನು ಕಂಡ ಕೂಡಲೇ ಹಿಂದಿನಿಂದ ಕೂಗಬೇಡ, ಕೇಳಿಸುವುದಿಲ್ಲ. ಎದುರಿಗೆ ಬಂದು ನಿಲ್ಲು.

ನಿನ್ನ
ಮೇಷ್ಟ್ರು